ಹೆರಿಗೆಗೆ ಮುಂಚೆ ಒಂದು ದಿನದ ತಿರುಗಾಟ: ಡಿಕ್ಕಿಯಲ್ಲಿ ಆಸ್ಪತ್ರೆ ಬ್ಯಾಗ್ ಇಟ್ಟುಕೊಂಡು

ಅವತ್ತು ಕನಕ ಜಯಂತಿ ರಜೆ. ಬೆಳಿಗ್ಗೆ ಎದ್ದರೆ ಕರೆಂಟಿಲ್ಲ. ಲೈನ್ ಕೆಲಸ ನಡೀತಿದೆ, ಸಂಜೆ ಐದರವರೆಗೆ ಬರುವುದಿಲ್ಲ ಅಂತ ಪಕ್ಕದ ಮನೆಯವರು ಹೇಳಿದರು. ಕುಮಟಾದ ಸೆಕೆ ಉಂಡವರಿಗೇ ಗೊತ್ತು, ನವೆಂಬರ್ ಆದರೂ ಫ್ಯಾನ್ ಬೇಕು. ನನಗೆ 37ನೇ ವಾರಕ್ಕೆ ನಾಲ್ಕು ದಿನ ಬಾಕಿ. ಕೂತರೆ ಸೊಂಟ ನೋವು, ಮಲಗಿದರೆ ಎದೆಯುರಿ. ಐದು ವರ್ಷದ ಮಗಳು ಅಟ್ಟದಿಂದ ಇಳಿಸಿ ತೊಳೆದಿಟ್ಟ ತೊಟ್ಟಿಲಲ್ಲಿ ಗೊಂಬೆ ಮಲಗಿಸಿಕೊಂಡು ಕೂತಿದ್ದಳು. "ಆಯಿ, ಇದು ಇನ್ನು ನಂದಲ್ಲ ಅಲ್ವಾ?" ಅಂತ ಕೇಳಿದಳು.

ನಾನು ನಮ್ಮನೆಯವರ ಮುಖ ನೋಡಿದೆ. "ಎಲ್ಲಾದರೂ ಹೋಗಿ ಬರೋಣ್ವಾ?"

40 ನಿಮಿಷದಲ್ಲಿ ಹೊರಟೆವು. ಹಾಗೆ ಹೊರಡಲು ಸಾಧ್ಯವಾದದ್ದು ಬ್ಯಾಗ್ ಮೊದಲೇ ಕಟ್ಟಿಟ್ಟಿದ್ದರಿಂದ. ನಿಮ್ಮ ಮನೆಯಲ್ಲೂ ಎರಡನೇ ಮಗುವಿಗೆ ದಿನ ಎಣಿಸುತ್ತಿದ್ದರೆ, ದೊಡ್ಡದರ ಜೊತೆ ಒಂದು ದಿನ ಕಳೆಯಬೇಕು ಅಂತ ಅನಿಸುತ್ತಿದ್ದರೆ, ನಾವು ಮಾಡಿದ್ದನ್ನು ಮತ್ತು ಮಾಡಬಾರದಿತ್ತು ಅನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಫೋನ್

ಚಪ್ಪಲಿ ಹಾಕುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ದೂರ? ಘಟ್ಟ ಇದೆಯಾ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದ ಮೇಲೆ "ಹೋಗಿ ಬನ್ನಿ, ನೀರು ಕುಡೀರಿ" ಅಂದರು.

ಕೆಲವರು ಕೇಳುವ ಅಗತ್ಯವೂ ಇಲ್ಲ, ಮನೆಯಲ್ಲೇ ಇರಬೇಕು. ಬಿಪಿ ಜಾಸ್ತಿ ಇದ್ದವರು, ಸ್ಕ್ಯಾನಿಂಗಿನಲ್ಲಿ ಮಾಸು ಕೆಳಗಿದೆ ಅಂತ ಬಂದವರು, ಒಂದು ಸಲವಾದರೂ ರಕ್ತ ಕಂಡವರು, ನೀರು ಜಿನುಗುತ್ತಿರುವವರು, ಅವಳಿ ಇರುವವರು, ಮೊದಲ ಹೆರಿಗೆ ದಿನಕ್ಕಿಂತ ಮುಂಚೆ ಆದವರು. ಇವರಿಗೆ ಅಂಗಳದಲ್ಲಿ ಚಾಪೆ ಹಾಸಿಕೊಂಡು ಮಗುವಿನ ಜೊತೆ ಚೌಕಾಬಾರ ಆಡಿದರೂ ಅದೇ ತಿರುಗಾಟ.

ಉಳಿದವರಿಗೂ 36 ವಾರ ಆದ ಮೇಲೆ ದೂರದ ಪ್ರಯಾಣ ಬೇಡ ಅಂತಲೇ ಡಾಕ್ಟರುಗಳು ಹೇಳುವುದು. ನಿಜ ಹೇಳಬೇಕೆಂದರೆ ನಾವು ಆ ಗಡಿಯ ಮೇಲೇ ಇದ್ದೆವು. ಇದೇ ತಿರುಗಾಟವನ್ನು 32-34ನೇ ವಾರದಲ್ಲಿ ಮಾಡಿದ್ದರೆ ನನಗೂ ಆರಾಮ, ಎಲ್ಲರಿಗೂ ಆರಾಮ. ನಿಮಗೆ ಇನ್ನೂ ಅಷ್ಟು ಸಮಯ ಇದ್ದರೆ ಕರೆಂಟ್ ಹೋಗುವವರೆಗೆ ಕಾಯಬೇಡಿ.

ದೂರ ಅಳೆಯುವುದು ಮನೆಯಿಂದಲ್ಲ, ಆಸ್ಪತ್ರೆಯಿಂದ

ನಾವು ಇಟ್ಟುಕೊಂಡ ಲೆಕ್ಕ ಸರಳ. ಹೆಸರು ಬರೆಸಿದ ಆಸ್ಪತ್ರೆಗೆ ಎಲ್ಲಿಂದ ಹೊರಟರೂ ಒಂದು ಗಂಟೆಯೊಳಗೆ ವಾಪಸ್ ಮುಟ್ಟಬೇಕು. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಮೊದಲ ಸಲ ಇಡೀ ರಾತ್ರಿ ನೋವು ತಿಂದಿದ್ದೆ, ಈ ಸಲವೂ ಅಷ್ಟು ಹೊತ್ತು ಸಿಗುತ್ತದೆ ಅಂತ ನಂಬಿ ಕೂರಬಾರದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಲೆಕ್ಕ ಯಾಕೆ ಮುಖ್ಯ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಕಷ್ಟದ ಕೇಸಾದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾ ಅಂತ ಬರೆದು ಕೊಡುತ್ತಾರೆ. ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗು ಎದ್ದು ವರ್ಷಗಳೇ ಆದವು. ಹಾಗಾಗಿ ಬಸುರಿಯನ್ನು ಕರೆದುಕೊಂಡು ಹೋಗುವವರು ಮೊದಲು ರಸ್ತೆ ನೋಡಬೇಕು, ಆಮೇಲೆ ಜಾಗ.

ಕರಾವಳಿಯವರಿಗೆ ಒಂದು ಅನುಕೂಲ ಇದೆ. 66ನೇ ಹೆದ್ದಾರಿ ದಾರದ ಹಾಗೆ ಹೋಗುತ್ತದೆ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಅಂತ ಊರುಗಳು ಮಣಿ ಪೋಣಿಸಿದಂತಿವೆ. ಒಂದೊಂದರಲ್ಲೂ ಸರ್ಕಾರಿ ಆಸ್ಪತ್ರೆ ಇದೆ. ಎಲ್ಲಿದ್ದರೂ ಮುಂದಕ್ಕೋ ಹಿಂದಕ್ಕೋ ಅರ್ಧ ಗಂಟೆಯಲ್ಲಿ ಒಂದು ಸಿಗುತ್ತದೆ. ಘಟ್ಟದ ಮೇಲೆ ಹಾಗಲ್ಲ. ಶಿರಸಿ ಪೇಟೆ ಬಿಟ್ಟರೆ ಕಾಡು, ತೋಟ, ಮತ್ತೆ ಕಾಡು.

ಮಳೆಗಾಲ ಆದರೆ ಈ ಅನುಕೂಲವನ್ನೂ ನೆಚ್ಚಿಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸ್ಪತ್ರೆ ಇರುವ ತಾಲೂಕು ದಾಟಲೇಬೇಡಿ ಅಂತ ನನ್ನ ಸಲಹೆ.

ಎಲ್ಲಿಗೆ? ಎಲ್ಲಿಗೆ ಬೇಡ?

ಬೇಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಯಾಣ ಬೇಡ, ನಡಿಗೆ ಮತ್ತು ಮೆಟ್ಟಿಲು. ಉಂಚಳ್ಳಿ ಜಲಪಾತ ಬೇಡ, ಅಲ್ಲೂ ಮೆಟ್ಟಿಲು. ಸಹಸ್ರಲಿಂಗ ಬೇಡ, ಶಾಲ್ಮಲಾ ಹೊಳೆಯ ಬಂಡೆ ಪಾಚಿಗಟ್ಟಿ ಜಾರುತ್ತದೆ. ಬೋಟಿಂಗ್ ಬೇಡ, ಅಲೆಗೆ ಬೋಟು ಎತ್ತಿ ಹಾಕುತ್ತದೆ. ಬೈಕ್ ಅಂತೂ ಬೇಡವೇ ಬೇಡ.

ಇನ್ನು ಘಟ್ಟ. ನನ್ನ ತವರು ಶಿರಸಿ ಕಡೆ. ಮೊದಲ ಬಸುರಿನಲ್ಲಿ ಸೀಮಂತ ಮುಗಿಸಿಕೊಂಡು ಬಸ್ಸಿನಲ್ಲಿ ತವರಿಗೆ ಹೋದೆ. ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಸೀಟು ಸಿಕ್ಕಿದ್ದು ಹಿಂದಿನ ಚಕ್ರದ ಮೇಲೆ. ಒಂದೊಂದು ತಿರುವಿಗೂ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ಎರಡು ಸಲ ವಾಂತಿ. ಮೂತ್ರಕ್ಕೆ ಇಳಿಯಬೇಕು ಅಂದರೆ ಇಳಿಯುವ ಜಾಗವೇ ಇಲ್ಲ. ನಮ್ಮನೆಯವರಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಬಂದು ಹೋಗಿ ಆಟ ಆಡುತ್ತಿತ್ತು. ದೇವಿಮನೆ ಗುಡಿ ಕಂಡಾಗ ಕೈಮುಗಿದದ್ದು ಭಕ್ತಿಗಿಂತ ಜಾಸ್ತಿ ಸುಸ್ತಿಗೆ. ಅಂದೇ ತೀರ್ಮಾನ ಮಾಡಿದೆ: ಎಂಟನೇ ತಿಂಗಳು ಕಳೆದ ಮೇಲೆ ಘಟ್ಟ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಮೇಲಿದ್ದವರು ಮೇಲೇ ತಿರುಗಿ, ಕೆಳಗಿದ್ದವರು ಕೆಳಗೇ.

ಶಿರಸಿಯವರಿಗೆ ನಾನು ಬನವಾಸಿ ಹೇಳುತ್ತೇನೆ. 23-24 ಕಿಲೋಮೀಟರ್. ಮಧುಕೇಶ್ವರ ದೇವಸ್ಥಾನದ ಪ್ರಾಂಗಣ ವಿಶಾಲ, ಕಂಬಗಳ ನೆರಳು ಇದೆ, ಕಲ್ಲಿನ ಮೇಲೆ ಕಾಲು ಚಾಚಿ ಕೂರಬಹುದು. ಮಗು ಆನೆ ಎಷ್ಟು, ಬಸವ ಎಷ್ಟು ಅಂತ ಎಣಿಸಿಕೊಂಡಿರುತ್ತದೆ. ವರದಾ ಹೊಳೆಯನ್ನು ದಡದಿಂದ ನೋಡಿದರೆ ಸಾಕು. ಸೋಂದಾ ಕೂಡ ಹತ್ತಿರವೇ. ಮಠದಲ್ಲಿ ಮಧ್ಯಾಹ್ನದ ಊಟ ಆಗುತ್ತದೆ. ಹಾದಿಯಲ್ಲಿ ಮುಂಡಿಗೆ ಕೆರೆಯಲ್ಲಿ ಹಕ್ಕಿಗಳಿದ್ದರೆ ಮಗುವಿಗೆ ಅದೇ ದೊಡ್ಡ ಹಬ್ಬ. ಅಷ್ಟೂ ಆಗದಿದ್ದರೆ ಪೇಟೆಯಲ್ಲೇ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ ಗೋಡೆಯ ಕಾವಿ ಚಿತ್ರ ತೋರಿಸಿ. ಜಾತ್ರೆಯ ವರ್ಷ, ಜಾತ್ರೆಯ ವಾರ ಆದರೆ ಮಾತ್ರ ಅತ್ತ ತಲೆ ಹಾಕಬೇಡಿ.

ಕಾರವಾರದವರಿಗೆ ರವೀಂದ್ರನಾಥ ಟಾಗೋರ್ ಕಡಲತೀರ ಮನೆ ಬಾಗಿಲಲ್ಲೇ ಇದೆ. ಪಕ್ಕದಲ್ಲಿ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ. ಹಡಗಿನ ಏಣಿಗಳು ಕಿರಿದು, ಹೊಟ್ಟೆ ಹೊತ್ತುಕೊಂಡು ಹತ್ತುವಂಥದ್ದಲ್ಲ. ಮಗುವನ್ನು ಅಪ್ಪನ ಜೊತೆ ಒಳಗೆ ಕಳಿಸಿ, ನೀವು ಹೊರಗೆ ನೆರಳಲ್ಲಿ ಕೂತುಬಿಡಿ. ಅರ್ಧ ಗಂಟೆ ಒಬ್ಬರೇ ಕೂರುವುದು ಎಷ್ಟು ದೊಡ್ಡ ಸುಖ ಅಂತ ಎರಡನೇ ಮಗುವಿನ ತಾಯಂದಿರಿಗೆ ಹೇಳಬೇಕಾ?

ಕುಮಟಾದ ನಾವು ಮುರುಡೇಶ್ವರದ ಬಗ್ಗೆಯೂ ಯೋಚಿಸಿದೆವು. 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ, ಮಗಳಿಗೆ ದೊಡ್ಡ ಶಿವನ ಹುಚ್ಚು. ಆದರೆ ರಜೆ ದಿನದ ಕ್ಯೂ, ಅದರ ಜೊತೆಗೆ 45-50 ಕಿಲೋಮೀಟರ್ ದೂರ. ಬಿಟ್ಟೆವು. ಕೊನೆಗೆ ಆರಿಸಿದ್ದು ಹೊನ್ನಾವರ ದಾಟಿದ ಕೂಡಲೇ ಸಿಗುವ ಕಾಸರಕೋಡು. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಏರಿಲ್ಲ, ಇಳಿಜಾರಿಲ್ಲ. ಹತ್ತಿರವೇ ಇಕೋ ಬೀಚ್. 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ತೀರ ಅದು, ಹಾಗಾಗಿ ಶೌಚಾಲಯ, ಬಟ್ಟೆ ಬದಲಿಸುವ ಜಾಗ, ನೆರಳು ಎಲ್ಲ ಇದೆ. ಒಂಬತ್ತನೇ ತಿಂಗಳಲ್ಲಿ ಕಡಲು ಹೇಗಿದೆ ಅನ್ನುವುದಕ್ಕಿಂತ ಶೌಚಾಲಯ ಹೇಗಿದೆ ಅನ್ನುವುದು ಮುಖ್ಯ.

ಅತ್ತೆಯನ್ನು ಒಪ್ಪಿಸುವುದೊಂದು ಬಾಕಿ. "ಈ ಹೊಟ್ಟೆ ಹೊತ್ಕಂಡು ಎಲ್ಲಿಗೆ ಹೊರಟಿದ್ದೇ ಮಾರಾಯ್ತಿ?" ಅಂದರು. ಅವರ ಲೆಕ್ಕದಲ್ಲಿ ಬಸುರಿ ಹೊಳೆ ದಾಟಬಾರದು, ಬಸುರಿಯ ಗಂಡ ಸಮುದ್ರದಲ್ಲಿ ಮೀಯಬಾರದು. ಕಾಸರಕೋಡಿಗೆ ಹೋಗಬೇಕೆಂದರೆ ಶರಾವತಿ ದಾಟಲೇಬೇಕು. ನಮ್ಮನೆಯವರು ಉಪಾಯವಾಗಿ, "ಹಾಗೇ ಇಡಗುಂಜಿಗೆ ಹೋಗಿ ಗಣಪತಿಗೆ ಕೈಮುಗಿದು ಬರ್ತೇವೆ" ಅಂದರು. ಅತ್ತೆಯ ಮುಖ ಸಡಿಲಾಯಿತು. "ಹಂಗಾರೆ ಅಡ್ಡಿಲ್ಲ. ಪಂಚಕಜ್ಜಾಯ ತಗಂಡು ಬನ್ನಿ" ಅಂತ ಕೈಗೆ 100 ರೂಪಾಯಿ ಕೊಟ್ಟರು. ಆ ನೂರು ರೂಪಾಯಿಯ ಕತೆ ಆಮೇಲೆ ಹೇಳುತ್ತೇನೆ.

ಡಿಕ್ಕಿಯಲ್ಲಿ ಏನಿರಬೇಕು

ಆಸ್ಪತ್ರೆ ಬ್ಯಾಗನ್ನೇ ಎತ್ತಿ ಡಿಕ್ಕಿಗೆ ಹಾಕಿ. ಪಿಕ್‌ನಿಕ್ಕಿಗೆ ಬೇರೆ, ಹೆರಿಗೆಗೆ ಬೇರೆ ಅಂತ ಮಾಡಬೇಡಿ.

ತಾಯಿ ಕಾರ್ಡ್ ಎಲ್ಲಕ್ಕಿಂತ ಮೇಲೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ ಎಲ್ಲ ಅದರಲ್ಲೇ ಇರುತ್ತದೆ, ಗುರುತಿಲ್ಲದ ಆಸ್ಪತ್ರೆಗೆ ಹೋದರೂ ನಿಮ್ಮ ಪರವಾಗಿ ಅದೇ ಮಾತಾಡುತ್ತದೆ. ಒಂದೊಂದು ಪುಟದ್ದೂ ಮೊಬೈಲಿನಲ್ಲಿ ಫೋಟೋ ಇರಲಿ. ಕೊನೆಯ ಸ್ಕ್ಯಾನಿಂಗ್ ರಿಪೋರ್ಟ್, ಆಧಾರ್, ಆಯುಷ್ಮಾನ್ ಕಾರ್ಡ್, ಸ್ವಲ್ಪ ನಗದು. ನಿಮ್ಮ ಎರಡು ನೈಟಿ, ಪ್ಯಾಡ್, ಮಗುವಿಗೆ ತೊಳೆದು ಒಣಗಿಸಿದ ಹಳೆ ಹತ್ತಿ ಸೀರೆಯ ತುಂಡು, ಒಂದು ಟವೆಲ್. ಸೀಟಿನ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಬೆಡ್‌ಶೀಟ್. ದಾರಿಯಲ್ಲಿ ನೀರು ಒಡೆದರೆ ಇದು ಬೇಕು. ದೊಡ್ಡ ಮಗುವಿಗೆ ಒಂದು ಜೊತೆ ಬಟ್ಟೆ ಇರಲಿ. ಎಲ್ಲಿಗೆ ಹೋದರೂ ಒದ್ದೆ ಮಾಡಿಕೊಳ್ಳುತ್ತಾರೆ, ಮತ್ತು ಆಸ್ಪತ್ರೆಗೆ ನೇರ ಹೋಗಬೇಕಾಗಿ ಬಂದರೆ ಅವರನ್ನು ಯಾರ ಮನೆಗೆ ಬಿಡುವುದು ಅಂತ ಹೊರಡುವ ಮೊದಲೇ ಗಂಡ ಹೆಂಡತಿ ಮಾತಾಡಿಕೊಂಡಿರಬೇಕು. ನಮಗೆ ಹೊನ್ನಾವರದಲ್ಲಿ ನಾದಿನಿ ಇದ್ದಾಳೆ. ಅವಳಿಗೊಂದು ಫೋನ್ ಹಾಕಿ, "ಇವತ್ತು ಎಲ್ಲಿಗೂ ಹೋಗಬೇಡ" ಅಂದೆವು.

ಪೆಟ್ರೋಲ್ ಅರ್ಧ ಟ್ಯಾಂಕ್, ಮೊಬೈಲ್ ಚಾರ್ಜ್ ಪೂರ್ತಿ. ನಾವು ಕರೆಂಟಿಲ್ಲದ ಮನೆಯಿಂದ ಹೊರಟದ್ದರಿಂದ ನನ್ನ ಮೊಬೈಲು 18 ಪರ್ಸೆಂಟ್ ಇತ್ತು. ಕಾರಿನಲ್ಲಿ ಚಾರ್ಜ್ ಮಾಡಿಕೊಂಡೆ. 108 ನಂಬರ್ ಎಲ್ಲರಿಗೂ ಗೊತ್ತು, ಆದರೆ ನಿಂತ ಜಾಗದ ಹೆಸರು ಹೇಳಲು ಬರಬೇಕು. ಪೇಟೆ ದಾಟಿದಾಗೆಲ್ಲ ಊರಿನ ಬೋರ್ಡ್ ಓದುವ ಕೆಲಸವನ್ನು ಮಗುವಿಗೆ ಕೊಡಿ. ನಮ್ಮವಳು "ಧಾ-ರೇ-ಶ್ವ-ರ" ಅಂತ ಓದಿ ಮುಗಿಸುವಷ್ಟರಲ್ಲಿ ಧಾರೇಶ್ವರ ಹಿಂದೆ ಹೋಗಿತ್ತು.

ಕಾರಿನಲ್ಲಿ ಕೂರುವುದು

ಬೆಲ್ಟ್ ಹಾಕಲೇಬೇಕು. ಹೊಟ್ಟೆಗೆ ಬಿಗಿಯುತ್ತದೆ ಅಂತ ಹಿಂದೆ ಸಿಕ್ಕಿಸಿ ಕೂರುವವರನ್ನು ನೋಡಿದ್ದೇನೆ, ಅದು ತಪ್ಪು. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಗೆ, ತೊಡೆ ಸೊಂಟ ಸೇರುವಲ್ಲಿ ಬರಬೇಕು. ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕದಿಂದ ಇಳಿಯಬೇಕು. ಹೊಟ್ಟೆಯ ಮೇಲೆ ಅಡ್ಡಡ್ಡ ಯಾವ ಪಟ್ಟಿಯೂ ಬರಬಾರದು. ಮುಂದೆ ಕೂತರೆ ಸೀಟನ್ನು ಹಿಂದಕ್ಕೆ ಎಳೆದುಕೊಳ್ಳಿ, ಎದುರಿಗೆ ಒಂದು ಗೇಣಿಗಿಂತ ಜಾಸ್ತಿಯೇ, 25 ಸೆಂಟಿಮೀಟರ್ ಆದರೂ, ಜಾಗ ಇರಲಿ. ಸೊಂಟದ ಹಿಂದೆ ಮಡಚಿದ ಟವೆಲ್ ಇಟ್ಟುಕೊಂಡರೆ ನೋವು ಅರ್ಧ ಕಮ್ಮಿ.

ಅರ್ಧ ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಬಸುರಿಯರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಹೆಚ್ಚು, ಕಾಲು ಇಳಿಬಿಟ್ಟು ಕೂತೇ ಇರಬಾರದು. ಕೂತಲ್ಲೇ ಪಾದ ತಿರುಗಿಸುತ್ತಿರಿ. ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೇ ಇರುವುದು ನಮ್ಮ ಹೆಣ್ಣುಮಕ್ಕಳ ಹಳೇ ಚಾಳಿ. ನೀರು ಕಮ್ಮಿಯಾದರೆ ಹೊಟ್ಟೆ ಗಟ್ಟಿಯಾಗುವುದು ಜಾಸ್ತಿಯಾಗುತ್ತದೆ. ಕುಡಿಯಿರಿ, ಹೋಗಿ, ಮತ್ತೆ ಕುಡಿಯಿರಿ. ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟ ಆದರೆ ಕಮೋಡ್ ಇದೆಯಾ ಅಂತ ನಾಚದೇ ಕೇಳಿ.

ಕಾರಿಲ್ಲದವರು ಬಸ್ಸಿನಲ್ಲಿ ಹೋಗಬಹುದು, ಹತ್ತಿರಕ್ಕೆ ಮಾತ್ರ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಹಾಗಾಗಿ ರಶ್ಶೂ ಜಾಸ್ತಿ. ಮುಂದಿನ ಸೀಟು ಕೇಳಿ ಪಡೆಯಿರಿ. ಚಕ್ರದ ಮೇಲಿನ ಸೀಟಿನ ಕತೆ ಆಗಲೇ ಹೇಳಿದ್ದೇನೆ.

ಹೊಟ್ಟೆಗೆ

ಮನೆಯಿಂದ ಮೊಸರನ್ನ, ಬಾಳೆಹಣ್ಣು, ಒಂದು ಬಾಟಲಿ ಮಜ್ಜಿಗೆ. ದಾರಿಯಲ್ಲಿ ಎಳನೀರು. ಬಿಸಿ ಇಡ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೊಯ್ದಿಟ್ಟ ಹಣ್ಣು, ಪಾನಿಪೂರಿ ನೀರು, ಗುರುತಿಲ್ಲದ ಕಡೆಯ ಐಸ್ ಬೇಡ. ಮೀನು ತಿನ್ನುವವರಾದರೆ ಬಂಗಡೆ, ತಾರ್ಲೆ ಚೆನ್ನಾಗಿ ಬೆಂದದ್ದು ತಿನ್ನಬಹುದು. ಶಾರ್ಕಿನಂಥ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ, ಅದನ್ನು ಬಸುರಿಯರು ತಿನ್ನಬಾರದು.

ನಾನು ಹೊನ್ನಾವರದಲ್ಲಿ ಎರಡು ಬನ್ಸ್ ತಿಂದೆ. ಎದೆಯುರಿ ಬಂತು. ಬರುತ್ತದೆ ಅಂತ ಗೊತ್ತಿದ್ದೇ ತಿಂದದ್ದು.

ಕಾಂಡ್ಲಾ ಮರದ ಕೆಳಗೆ

ಹಲಗೆ ದಾರಿಗೆ ಬಂದಾಗ ಹತ್ತೂವರೆ. ನೀರು ಇಳಿದಿತ್ತು. ಇಲ್ಲಿಗೆ ಬರುವವರು ಇಳಿತದ ಹೊತ್ತಿಗೇ ಬನ್ನಿ, ಆಗಲೇ ನೋಡುವುದಕ್ಕೆ ಜಾಸ್ತಿ ಸಿಗುವುದು. ಭರತ ಮತ್ತು ಇಳಿತ ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೀನುಗಾರರ ಮನೆಯವರನ್ನು ಕೇಳಿದರೆ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಮಳೆಗಾಲದಲ್ಲಿ ಹಲಗೆ ಜಾರುತ್ತದೆ, ಆಗ ಬೇಡ. ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದು ಹಾಕಿ. ಬಗ್ಗಿದರೆ ನಮ್ಮ ಪಾದ ನಮಗೇ ಕಾಣದ ದಿನಗಳು ಇವು.

ಕೆಸರಿನ ತುಂಬ ಏಡಿ. ಒಂದೇ ಕೈ ದೊಡ್ಡದು, ಕೆಂಪು. ಅದನ್ನು ಎತ್ತಿ ಎತ್ತಿ ಕರೆಯುವ ಹಾಗೆ ಮಾಡುತ್ತಿದ್ದವು. ಮಗಳೂ ಒಂದು ಕೈ ಎತ್ತಿ ತಿರುಗಿ ಕರೆದಳು. ಮೂವತ್ತರವರೆಗೆ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದಳು. ನಾನು ಕಟಾಂಜನ ಹಿಡಿದು ನಿಂತೆ. ನೆರಳು, ಹೊಳೆಯ ಗಾಳಿ, ಕೆಸರಿನ ವಾಸನೆ. ವಾಕರಿಕೆ ಬರಲಿಲ್ಲ, ಆಶ್ಚರ್ಯ.

ಆಮೇಲೆ ಅವಳ ಕಣ್ಣಿಗೆ ಬಿದ್ದದ್ದು ಮರದಿಂದ ನೇತಾಡುವ ಹಸಿರು ಕೋಲು. ನುಗ್ಗೆಕಾಯಿಯ ಹಾಗೆ ಉದ್ದ, ತುದಿ ಚೂಪು.

"ಆಯಿ, ಇದು ಕಾಯಿಯಾ?"

ಅದು ಕಾಯಿಯಲ್ಲ, ಸಸಿ. ಕಾಂಡ್ಲಾದ ಬೀಜ ಬೇರೆ ಮರದ ಬೀಜದ ಹಾಗೆ ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ಕೆಳಗೆ ಉಪ್ಪು ಕೆಸರು, ದಿನಕ್ಕೆರಡು ಸಲ ನೀರು ಬಂದು ಎಳೆದುಕೊಂಡು ಹೋಗುತ್ತದೆ. ಅದಕ್ಕೇ ತಾಯಿ ಮರದಲ್ಲಿ ನೇತಾಡುವಾಗಲೇ ಬೀಜ ಮೊಳಕೆಯೊಡೆದು ಇಷ್ಟುದ್ದ ಬೆಳೆದುಬಿಡುತ್ತದೆ. ತಯಾರಾದ ಮೇಲೆ ಕಳಚಿಕೊಳ್ಳುತ್ತದೆ. ಕೆಲವು ಅಲ್ಲೇ ಕೆಸರಿಗೆ ಚುಚ್ಚಿಕೊಂಡು ನಿಲ್ಲುತ್ತವೆ, ಕೆಲವು ತೇಲಿ ಎಲ್ಲೋ ಹೋಗಿ ಬೇರು ಬಿಡುತ್ತವೆ.

ಇದನ್ನು ನಾನು ಅವಳ ಭಾಷೆಯಲ್ಲಿ ಹೇಳಿದೆ. ಅವಳು ನನ್ನ ಹೊಟ್ಟೆ ನೋಡಿದಳು, ಕೋಲು ನೋಡಿದಳು.

"ಬಿದ್ದ ಮೇಲೆ ಅಮ್ಮ ಮರ ನೋಡಲ್ವಾ ಅದನ್ನ?"

ಪ್ರಶ್ನೆ ಕೋಲಿನದ್ದಲ್ಲ, ತೊಟ್ಟಿಲಿನದ್ದು. ನನಗೆ ಬಾಯಿ ಬರಲಿಲ್ಲ. ನಮ್ಮನೆಯವರು ಕೂತು, ಅವಳ ಭುಜ ಹಿಡಿದು ಮರದ ಬುಡ ತೋರಿಸಿದರು. ಬೇರುಗಳ ನಡುವೆ, ತಾಯಿ ಮರದ ಕಾಲಡಿಯಲ್ಲೇ, ಎರಡೆಲೆ ಬಿಟ್ಟ ಒಂದು ಸಸಿ ನಿಂತಿತ್ತು. "ನೋಡು, ಎಲ್ಲೂ ಹೋಗಿಲ್ಲ. ಅದು ದೊಡ್ಡದು. ಮೇಲೆ ನೇತಾಡ್ತಿರೋದು ಸಣ್ಣದು." ಅವಳು ತುಂಬಾ ಹೊತ್ತು ಆ ದೊಡ್ಡದನ್ನೇ ನೋಡಿದಳು.

ದೊಡ್ಡ ಮಗುವಿಗೆ "ಇನ್ನು ನೀನು ಅಕ್ಕ, ಜಾಣೆಯಾಗಿರಬೇಕು" ಅಂತ ಇಡೀ ದಿನ ಹೇಳುತ್ತಿರಬೇಡಿ. ಆ ಮಾತು ಅವರಿಗೆ ಬೈಗುಳದ ಹಾಗೆ ಕೇಳುತ್ತದೆ. ಪಾಪುವಿನ ವಿಷಯ ಅವರಾಗಿ ಎತ್ತಿದರೆ ಮಾತಾಡಿ, ಇಲ್ಲದಿದ್ದರೆ ಏಡಿ ಎಣಿಸಿ. ಒಂದು ಫೋಟೋ ಮೂವರೇ ಇರುವಂಥದ್ದು ತೆಗೆಸಿಕೊಳ್ಳಿ. ನಮ್ಮದನ್ನು ಅಲ್ಲಿದ್ದ ಕಾಲೇಜು ಹುಡುಗನೊಬ್ಬ ತೆಗೆದ. ನನ್ನ ಕಣ್ಣು ಮುಚ್ಚಿದೆ, ಇರಲಿ.

ಬೀಚಿನಲ್ಲಿ, ಮತ್ತು ಹೊಟ್ಟೆ ಗಟ್ಟಿಯಾದಾಗ

ಬೀಚಿಗೆ ಇಳಿಯುವ ಮೊದಲೇ ಒಂದು ನಿಯಮ: ನೀರಿನ ಹತ್ತಿರ ಮಗುವಿನ ಕೈ ಹಿಡಿಯುವುದು ಅಪ್ಪನ ಕೆಲಸ, ಒಂದು ನಿಮಿಷಕ್ಕೂ ಬಿಡುವ ಹಾಗಿಲ್ಲ. ಮಗು ಓಡಿದರೆ ಹಿಂದೆ ಓಡಲು ನಮ್ಮಿಂದ ಆಗುವುದಿಲ್ಲ. ಅಪ್ಪ ಮೊಬೈಲ್ ಮತ್ತು ಕಾರಿನ ಕೀಲಿ ನಮ್ಮ ಕೈಗೆ ಕೊಟ್ಟೇ ಹೋಗಬೇಕು. ನೀವು ಒದ್ದೆ ಮರಳಿನವರೆಗೆ ಹೋಗಿ ಪಾದ ನೆನೆಸಿ, ಅಷ್ಟು ಸಾಕು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರುತ್ತದೆ, ಈ ಹೊಟ್ಟೆಯಲ್ಲಿ ಆಯ ತಪ್ಪುವುದು ಸುಲಭ. ನಮ್ಮನೆಯವರು ಮೊಣಕಾಲುದ್ದ ನೀರಲ್ಲಿ ನಿಂತು, "ಇದು ಮಿಂದ ಲೆಕ್ಕಕ್ಕೆ ಬರೋದಿಲ್ಲ ಅಲ್ವಾ?" ಅಂತ ಕೂಗಿದರು.

ನಾನು ಗಾಳಿಮರದ ನೆರಳಲ್ಲಿ ಟವೆಲ್ ಹಾಸಿ ಕೂತಿದ್ದೆ. ಹನ್ನೆರಡೂಕಾಲಿಗೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಅರ್ಧ ನಿಮಿಷ, ಬಿಟ್ಟಿತು. ಹತ್ತು ನಿಮಿಷಕ್ಕೆ ಮತ್ತೆ.

ಇಂಥ ಹೊತ್ತಲ್ಲಿ ಹೀಗೆ ಮಾಡಿ. ಮೊಬೈಲಿನಲ್ಲಿ ಹೊತ್ತು ಬರೆಯಿರಿ: ಯಾವಾಗ ಶುರುವಾಯಿತು, ಯಾವಾಗ ಬಿಟ್ಟಿತು. ಎರಡು ಲೋಟ ನೀರು ಕುಡಿಯಿರಿ. ಮೂತ್ರಕ್ಕೆ ಹೋಗಿ ಬನ್ನಿ. ಕೂತಿದ್ದರೆ ನಾಲ್ಕು ಹೆಜ್ಜೆ ನಡೆಯಿರಿ, ನಡೆಯುತ್ತಿದ್ದರೆ ಎಡಮಗ್ಗುಲಿಗೆ ಮಲಗಿ. ಸುಳ್ಳು ನೋವಾದರೆ ಹೊತ್ತಿಗೆ ಲೆಕ್ಕ ಇರುವುದಿಲ್ಲ, ಭಂಗಿ ಬದಲಿಸಿದರೆ, ನೀರು ಕುಡಿದರೆ ಇಳಿಯುತ್ತದೆ. ನಿಜವಾದ ಹೆರಿಗೆ ನೋವು ಏನು ಮಾಡಿದರೂ ನಿಲ್ಲುವುದಿಲ್ಲ, ಹತ್ತಿರ ಹತ್ತಿರ ಬರುತ್ತದೆ, ಬಂದಾಗೆಲ್ಲ ಇನ್ನಷ್ಟು ಜೋರಾಗುತ್ತದೆ. ಐದು ನಿಮಿಷಕ್ಕೊಂದು ಬರುವವರೆಗೆ ಕಾಯಬಹುದು ಅನ್ನುವುದು ಆಸ್ಪತ್ರೆ ಪಕ್ಕದಲ್ಲಿ ಮನೆ ಇದ್ದವರ ಲೆಕ್ಕ. ತಿರುಗಾಟದಲ್ಲಿ ಇರುವಾಗ, ಅದೂ ಎರಡನೇದಾದರೆ, ಲೆಕ್ಕಕ್ಕೆ ಸಿಗತೊಡಗಿದ ಕೂಡಲೇ ಹೊರಡಬೇಕು.

ಇನ್ನು ಕೆಲವಕ್ಕೆ ಲೆಕ್ಕವೂ ಬೇಡ, ಹತ್ತಿರದ ಆಸ್ಪತ್ರೆಗೆ ನೇರ ಹೋಗಿ: ರಕ್ತ ಹೋದರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಇದ್ದಕ್ಕಿದ್ದಂತೆ ಊದಿದರೆ. ಮಗುವಿನ ಅಲುಗಾಟ ಕಮ್ಮಿ ಅನಿಸಿದರೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ಹೊರಡಿ.

ನನಗೆ 40 ನಿಮಿಷದಲ್ಲಿ ಮೂರು ಸಲ ಬಂತು. ಹತ್ತು ನಿಮಿಷ, ಆಮೇಲೆ 22 ನಿಮಿಷ. ನಾಲ್ಕನೆಯದು ಬರಲಿಲ್ಲ. ಹೊರಗೆ ಶಾಂತವಾಗಿದ್ದೆ, ಒಳಗೆ ಎದೆ ಡವಡವ. ಡಾಕ್ಟರಿಗೆ ಫೋನ್ ಮಾಡಿದರೆ, "ಮನೆ ಕಡೆ ಹೊರಡಿ, ಗಡಿಬಿಡಿ ಬೇಡ" ಅಂದರು. ಮಗಳಿಗೆ, "ಪಾಪು ನಿದ್ದೆ ಮಾಡ್ಬೇಕಂತೆ" ಅಂದೆ. ಅವಳು ತಕರಾರು ಮಾಡಲಿಲ್ಲ. ಮರಳಿನ ಮನೆಗೆ ಒಂದು ಕಾಗೆಗರಿ ಸಿಕ್ಕಿಸಿ ಎದ್ದಳು.

ಇಡಗುಂಜಿಯನ್ನು ಅಲ್ಲಿಗೇ ಕೈಬಿಟ್ಟೆವು. ಕೈಬಿಡಲು ಸುಲಭವಾದ ಒಂದು ಜಾಗವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮಗು ಆಸೆಯಿಟ್ಟುಕೊಂಡ ಜಾಗ ಮೊದಲು ಆಗಿಬಿಡಬೇಕು, ದೊಡ್ಡವರದ್ದು ಆಮೇಲೆ. ಮಧ್ಯಾಹ್ನ ಎರಡಕ್ಕೆ ಮನೆ. ಸಂಜೆ ಕತ್ತಲಾಗುವವರೆಗೆ ಎಳೆಯುವ ತಿರುಗಾಟ ಬೇಡ, ಏನೇ ಆದರೂ ಹಗಲಲ್ಲೇ ಆಗಲಿ.

ಅತ್ತೆ ಮೊದಲು ಕೇಳಿದ್ದೇ ಪಂಚಕಜ್ಜಾಯ. ನಿಜ ಹೇಳಿದೆವು. ಅವರು ಬೈಯಲಿಲ್ಲ, ನನ್ನ ಕಾಲು ನೋಡಿ, "ಮೊದ್ಲು ಮಲಗು" ಅಂದರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಗನನ್ನು ಎಬ್ಬಿಸಿ, ಅದೇ ನೂರು ರೂಪಾಯಿ ಕೊಟ್ಟು, ಒಬ್ಬನನ್ನೇ ಇಡಗುಂಜಿಗೆ ಓಡಿಸಿದರು.

ಬಂದ ಮೇಲೆ ಬ್ಯಾಗನ್ನು ಡಿಕ್ಕಿಯಿಂದ ಇಳಿಸಬೇಡಿ. ಪ್ಲಾಸ್ಟಿಕ್ ಹಾಳೆಯೂ ಸೀಟಿನ ಮೇಲೇ ಇರಲಿ. ಟವೆಲ್ ಮಾತ್ರ ಒಗೆದು ಇಡಿ. ನಾವು ಅದನ್ನು ಮರೆತಿದ್ದೆವು. ಹನ್ನೊಂದು ದಿನದ ಮೇಲೆ ನಡುರಾತ್ರಿ ನೋವು ಶುರುವಾಯಿತು, ನೇರ ಕಾರು ಹತ್ತಿದೆವು. ಬೆಳಿಗ್ಗೆ ನರ್ಸ್ ಮಗುವಿಗೆ ಹಾಸಲು ಬ್ಯಾಗಿನಿಂದ ಟವೆಲ್ ತೆಗೆದು ಕೊಡವಿದರು. ಕಾಸರಕೋಡಿನ ಮರಳು ಹೆರಿಗೆ ವಾರ್ಡಿನ ನೆಲದ ತುಂಬ ಚೆಲ್ಲಿತು.

"ಇದೆಂತದಮ್ಮಾ ಇದು?" ಅಂದರು ನರ್ಸ್. ಬಾಗಿಲಲ್ಲಿ ನಿಂತಿದ್ದ ಮಗಳು, "ನಂದು ಅದು" ಅಂದಳು.